ಮೇಲಿನ ಸ್ವರ

ಭೀಮೇಶನ ತಪ್ಪು ಹಿಡಿಯುವುದಕ್ಕೆಂದೇ ಹೊಳೆಯಪ್ಪ ಮುಂಡರಗಿಗೆ ಬಂದಿದ್ದ. ಬಂದದ್ದು ಭೀಮೇಶನ ಬೈಕಿನ ಹಿಂದೆ ಕುಳಿತು. ಹಮ್ಮಿಗಿಯ ಭಜನಾ ಮೇಳದಲ್ಲಿ ಮುಂದೆ ಕುಳಿತು ಹಾಡುವವನು ಹೊಳೆಯಪ್ಪ, ಹಿಂದೆ ಕುಳಿತು ದನಿಗೂಡಿಸುವವನು ಭೀಮೇಶ. ತನ್ನ ಸಾಲು ಮುಗಿಯುವ ಮೊದಲೇ ಇವನು ಬಾಯಿ ಹಾಕಿ ಪದ ಕೆಡಿಸುತ್ತಾನೆಂಬುದು ಹೊಳೆಯಪ್ಪನ ದೂರು. ಮೇಳದಲ್ಲಿ ಯಾರೂ ಒಪ್ಪಲಿಲ್ಲ. ಗದಗಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದ ಪದವನ್ನು ಮೊಬೈಲಿನಲ್ಲಿ ಹಾಕಿ ಕೇಳಿಸಿದರೂ ಯಾರ ಕಿವಿಗೂ ತಪ್ಪು ಸಿಗಲಿಲ್ಲ. “ಮೊಬೈಲಿನ ದನಿ ಏನ್ ದನಿ? ಚಲೋ ಇಯರ್‌ಫೋನ್ ತಂದು ಒಬ್ಬೊಬ್ಬರ ಕಿವ್ಯಾಗ ಇಟ್ಟು ತೋರಸ್ತೀನಿ. ಐತವಾರ ಶಿರಹಟ್ಟಿ ಕಾರ್ಯಕ್ರಮಕ್ಕ ನನ್ನ ಹಿಂದ ಬ್ಯಾರೆಯವ್ರು ಕುಂಡ್ರತಾರ,” ಎಂದು ಹೊಳೆಯಪ್ಪ ಸಾರಿಬಿಟ್ಟಿದ್ದ.

“ನಡೀರಿ ಮಾವಾ, ನಾನ ಕರಕೊಂಡು ಹೋಗ್ತೀನಿ. ತಪ್ಪಿದ್ರ ನನಗೂ ತಿಳೀಲಿ,” ಎಂದು ಭೀಮೇಶನೇ ಬೈಕು ತೆಗೆದ. ಆರೋಪಿಯೇ ನ್ಯಾಯಾಧೀಶನನ್ನು ಕೋರ್ಟಿಗೆ ಮುಟ್ಟಿಸುವುದು ಹೊಳೆಯಪ್ಪನಿಗೆ ವಿಚಿತ್ರವೆನಿಸಲಿಲ್ಲ; ಬಸ್ಸಿಗಿಂತ ಬೇಗ ಆಗುತ್ತದೆ ಎನಿಸಿತು, ಅಷ್ಟೇ.

ಮೊಬೈಲ್ ಅಂಗಡಿಯ ಶಫೀಕ ಮೊದಲು ಸಾದಾ ಇಯರ್‌ಫೋನ್ ಒಂದನ್ನು ಕೊಟ್ಟ. ಹೊಳೆಯಪ್ಪ ಕಿವಿಗಿಟ್ಟುಕೊಂಡು ತಲೆದೂಗಿದ. ಡೋಲಕು ಎದೆಗೆ ಬಡಿಯಿತು. ಅದರ ಮೇಲೆ ಅವನದೇ ಕಂಠ ಊರಗಲ ಹರಡಿಕೊಂಡಿತು. ಬಲು ಸೊಗಸು. ಆದರೆ ಆ ಸೊಗಸಿನಲ್ಲಿ ಭೀಮೇಶ ಎಲ್ಲಿದ್ದಾನೆಂದೇ ತಿಳಿಯಲಿಲ್ಲ.

“ಚಲೋ ಐತಿ. ಆದ್ರ ನನಗ ಒಬ್ಬೊಬ್ಬರ ದನಿ ಬಿಡಿಸಿ ಕೇಳಬೇಕೋ ಶಫೀಕ.”

“ಹಂಗಾರ ಇದನ್ನ ಕೇಳ್ರಿ ಕಾಕಾ. ಹೈಬ್ರಿಡ್ ಐತಿ.”

“ಹೈಬ್ರಿಡ್ ಬ್ಯಾಡೋ ಮಾರಾಯಾ. ಹೈಬ್ರಿಡ್ ಜ್ವಾಳದ ರೊಟ್ಟಿ ತಿಂದು ನೋಡೀನಿ, ರುಚಿನ ಇಲ್ಲ.”

“ಇದು ತಿನ್ನೂದಲ್ಲರಿ! ಸಾದಾದ್ದರಾಗ ಒಂದ ಸ್ಪೀಕರು, ಎಲ್ಲಾ ಅದ ಒದರಬೇಕು. ಇದರಾಗ ಎರಡು ನಮೂನಿ ಅದಾವ. ಡೋಲಕಿನಂಥಾ ದಪ್ಪ ದನಿಗೆ ದೊಡ್ಡದೊಂದು. ತಾಳಾ, ಏರುದನಿ ಅಂಥಾವಕ್ಕ ಕಾಳಿನಷ್ಟು ಸಣ್ಣಾವು ಬ್ಯಾರೆ. ಒಂದರ ಕೆಲಸದಾಗ ಇನ್ನೊಂದು ಬಾಯಿ ಹಾಕೂದಿಲ್ಲ.”

ಬಾಯಿ ಹಾಕುವುದಿಲ್ಲ ಎಂಬುದು ಹೊಳೆಯಪ್ಪನಿಗೆ ಹಿಡಿಸಿತು. “ಕೇಳಿದೇನಲೇ ಭೀಮ್ಯಾ? ಮಶೀನಿಗೂ ಶಿಸ್ತೈತಿ,” ಎಂದ.

ಶಫೀಕ ರಬ್ಬರಿನ ತುದಿಯನ್ನು ತಿರುವಿ ಕಿವಿಯೊಳಗೆ ಕೂಡಿಸಿದ. ರಸ್ತೆಯ ಹಾರ್ನುಗಳೆಲ್ಲ ದೂರ ಸರಿದವು. ಪದ ಶುರುವಾದಾಗ ಹೊಳೆಯಪ್ಪ ಬೆಚ್ಚಿದ. ಡೋಲಕಿನ ಎಡ ಬೇರೆ, ಬಲ ಬೇರೆ. ತಾಳದ ನಾದ ಸಣ್ಣಗಾಗಿ ಕರಗುವ ಕೊನೆಯ ಎಳೆಯೂ ಕೇಳಿತು. ಹಾರ್ಮೋನಿಯಮ್ಮಿನ ತಿದಿ ಉಸಿರಾಡಿತು. ಯಾರೋ ಗಂಟಲು ಸರಿಪಡಿಸಿಕೊಂಡರು, ಅದು ತಾನೇ ಎಂದು ಆಮೇಲೆ ಹೊಳೆಯಿತು. ನಡುವೆ ತನ್ನ ದನಿ. ಅದರ ಬೆನ್ನಿಗೆ, ಒಂದು ಮೊಳ ಹಿಂದೆ, ಭೀಮೇಶನದು. ಈಗ ಸಿಕ್ಕಿ ಮಗನ ಎಂದು ಹೊಳೆಯಪ್ಪ ಕಣ್ಣು ಮುಚ್ಚಿದ.

ಏರುವ ಜಾಗ ಬಂತು. ಹೊಳೆಯಪ್ಪನ ದನಿ ಮೇಲೆ ಹೋಯಿತು, ಹೋಗುತ್ತ ಹೋಗುತ್ತ ಸ್ವರಕ್ಕಿಂತ ಕೂದಲೆಳೆಯಷ್ಟು ಕೆಳಗೇ ನಿಂತಿತು. ಆಗಲೇ, ಸಾಲು ಇನ್ನೂ ಮುಗಿಯದಿರುವಾಗಲೇ, ಹಿಂದಿನಿಂದ ಭೀಮೇಶ ಬಾಯಿ ಹಾಕಿದ. ನೇರ ಸ್ವರದ ಮೇಲೆ ಕಾಲೂರಿ, ಹೊಳೆಯಪ್ಪ ಬಂದು ಸೇರುವ ತನಕ ಅದನ್ನು ಹಿಡಿದುಕೊಂಡು, ಸೇರಿದೊಡನೆ ಸದ್ದಿಲ್ಲದೆ ಹಿಂದೆ ಸರಿದ. ಹೊಳೆಯಪ್ಪ ಮತ್ತೊಮ್ಮೆ ಹಾಕಿಸಿ ಕೇಳಿದ. ಎರಡನೆಯ ನುಡಿಯಲ್ಲೂ ಹಾಗೆಯೇ. ಮೂರನೆಯದರಲ್ಲಿ ಭೀಮೇಶ ಬರುವುದು ಒಂದು ಚೂರು ತಡವಾಗಿತ್ತು. ಅಷ್ಟು ಹೊತ್ತು ಹೊಳೆಯಪ್ಪನ ದನಿ ಒಂಟಿಯಾಗಿ ಅಲ್ಲಾಡುತ್ತ ನಿಂತಿತ್ತು.

ಇಯರ್‌ಫೋನ್ ತೆಗೆದಾಗ ಅವನ ಕಿವಿಗಳು ಕೆಂಪಾಗಿದ್ದವು. ರಬ್ಬರು ಬಿಗಿಯಾಗಿರಬೇಕೆಂದು ಶಫೀಕ ತಿಳಿದ.

“ಹ್ಯಾಂಗೈತ್ರಿ ಕಾಕಾ?”

“ಚಲೋ ಇಲ್ಲ. ಮ್ಯಾಲಿನ ಸ್ವರ ಬರೋಬರಿ ಮುಟ್ಟೂದಿಲ್ಲ ಇದರಾಗ.”

“ಏನಂತೀರಿ! ಮ್ಯಾಲಿನ ಸ್ವರಕ್ಕಂತನ ಮಂದಿ ಇದನ್ನ ಒಯ್ತಾರ. ಭೀಮೇಶಣ್ಣಾ, ನೀವ ಕೇಳಿ ಖರೆ ಹೇಳ್ರಿ.”

ಭೀಮೇಶ ಕಿವಿಗಿಟ್ಟುಕೊಂಡ. ಹೊಳೆಯಪ್ಪ ಅವನ ಮುಖವನ್ನೇ ನೋಡುತ್ತ ನಿಂತ. ಇಷ್ಟು ವರ್ಷ ಅವನು ಬೆನ್ನ ಹಿಂದೆ ಕೂತದ್ದರಿಂದ, ಪದ ನಡೆದಾಗ ಆ ಮುಖ ಹೇಗಿರುತ್ತದೆಂದು ಹೊಳೆಯಪ್ಪ ನೋಡಿದ್ದೇ ಇಲ್ಲ. ಏರುವ ಜಾಗ ಬರುತ್ತಲೇ ಭೀಮೇಶನ ಗದ್ದ ತಾನಾಗಿ ಮೇಲೆದ್ದಿತು, ಬಾಯಿ ತುಸು ತೆರೆಯಿತು. ಮೇಳವೆಲ್ಲ ಕಾಯುತ್ತಿದ್ದ ತೀರ್ಪು ಈಗ ಆ ಬಾಯಲ್ಲಿತ್ತು.

ಅವನು ಇಯರ್‌ಫೋನ್ ತೆಗೆದು, ಅಂಗಿಯ ತುದಿಯಿಂದ ಒರೆಸಿ ಗಾಜಿನ ಮೇಲಿಟ್ಟ. “ಮಾವ ಹೇಳೂದು ಖರೆ ಐತಿ ಶಫೀಕ. ಮ್ಯಾಲಿಂದು ಸ್ವಲ್ಪ ಕಮ್ಮಿ. ಪೀಸ್ ಕೆಟ್ಟಿರಬೇಕು.”

“ಕೆಡಾಕ ಹ್ಯಾಂಗ ಸಾಧ್ಯ? ತಡೀರಿ, ನಾನ ಕೇಳ್ತೀನಿ.” ಶಫೀಕ ಅದನ್ನು ತನ್ನ ಕಿವಿಗೆ ಒಯ್ದ. ಹೊಳೆಯಪ್ಪ ಗಪ್ಪನೆ ಅವನ ಕೈ ಹಿಡಿದ.

“ನೀ ಕೇಳೂದು ಬ್ಯಾಡ. ಡಬ್ಬಿಗೆ ಹಾಕು, ಒಯ್ತೀನಿ.”

“ಕೆಟ್ಟೈತಿ ಅಂತೀರಿ, ಒಯ್ತೀನಿ ಅಂತೀರಿ!”

“ಕೆಟ್ಟದ್ದು ಮಂದಿ ಕೈಗೆ ಸಿಗಬಾರದು,” ಎಂದು ಹೊಳೆಯಪ್ಪ ಸಮಾಜಸೇವಕನ ಧಾಟಿಯಲ್ಲಿ ಹೇಳಿ ಡಬ್ಬಿಯನ್ನು ಜೇಬಿಗಿಳಿಸಿದ.

ಹೊರಗೆ ಭೀಮೇಶ ಬೈಕು ಚಾಲೂ ಮಾಡಿ, ಹಿಂದೆ ತಿರುಗದೆ ಕೇಳಿದ: “ಮತ್ತ ಊರಾಗ ಏನಂತ ಹೇಳೂದ್ರಿ ಮಾವಾ? ಸಿಕ್ತೇನು ನನ್ನ ತಪ್ಪು?”

“ಸಿಗಲಾರದ ಎಲ್ಲಿ ಹೋಗ್ತೈತಿ?” ಹೊಳೆಯಪ್ಪ ಹಿಂದೆ ಹತ್ತಿ ಕುಳಿತು ಅವನ ಹೆಗಲ ಮೇಲೆ ಕೈಯಿಟ್ಟ. “ಮೂರನೇ ನುಡಿಯಾಗ ತಡಾ ಮಾಡೀದಿ. ಐತವಾರ ಸ್ವಲ್ಪ ಜಲ್ದಿ ಬಾಯಿ ಹಾಕು.”