ಎರಡು ತಾಸಿನ ಗ್ಯಾಸು

ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕಾವಿಗೆಂದು ಬುಟ್ಟಿಯೊಳಗೆ ಇಳಿಬಿಟ್ಟಿದ್ದ ನಾಲ್ಕೂ ಬಲ್ಬುಗಳು ಆರಿದವು. ಹಾವೇರಿಯಿಂದ ತಂದು ಮೂರೇ ದಿನವಾಗಿದ್ದ ಐವತ್ತು ಕೋಳಿಮರಿಗಳು ಕತ್ತಲಲ್ಲಿ ಒಮ್ಮೆಗೇ ಚೀರತೊಡಗಿದವು. ಇವು ಬದುಕಿದರೆ ಕೂಲಿಗೆ ಹೋಗದೆ ಮನೆಯಲ್ಲೇ ದುಡಿಯಬಹುದೆಂದು ಮೆಹಬೂಬಿ ತಂದಿದ್ದಳು. ಅವಳು ಕಂದೀಲು ಹಿಡಿದು ಗೋಬರ್ ಗ್ಯಾಸಿನ ಗುಂಡಿಯ ಕಡೆ ಓಡಿದಳು.

ಸಂಜೆ ಏಳಕ್ಕೆ ಪೇಟೆಯಲ್ಲೂ ಹಳ್ಳಿಯಲ್ಲೂ ಒಮ್ಮೆಗೇ ದೀಪ ಹಚ್ಚುವುದರಿಂದ ಕರೆಂಟು ಸಾಲುತ್ತಿರಲಿಲ್ಲ. ಗುತ್ತಲದ ಸುತ್ತಿನ ಹಳ್ಳಿಗಳದ್ದು ಎರಡು ತಾಸು ತೆಗೆಯುತ್ತಿದ್ದರು. ಆ ಎರಡು ತಾಸಿಗೆಂದೇ ಓಣಿಯ ಎಂಟು ಮನೆಯವರು ಸೆಗಣಿ ಹಾಕಿ ಗ್ಯಾಸು ಕೂಡಿಸಿ, ಅದರಿಂದ ಇಂಜಿನ್ನು ನಡೆಸಿ ದೀಪ ಉರಿಸುತ್ತಿದ್ದರು. ಹಗಲೆಲ್ಲ ಇಂಜಿನ್ನು ಸುಮ್ಮನೆ ಕೂತಿರಬೇಕು, ಗ್ಯಾಸು ತುಂಬಿದಂತೆ ಗುಂಡಿಯ ಮೇಲಿನ ಕಬ್ಬಿಣದ ಡ್ರಮ್ಮು ಮೆಲ್ಲಗೆ ಏರುತ್ತಿರಬೇಕು. ಎಂಟೂ ಮನೆಯ ಒಲೆಗೆ ಗ್ಯಾಸಿನ ನಳ ಇದ್ದರೂ, ಇಂಜಿನ್ನು ತನ್ನ ಕೆಲಸ ಮುಗಿಸುವ ತನಕ ಯಾರೂ ಅದನ್ನು ತಿರುವುವಂತಿರಲಿಲ್ಲ. ಇಂಜಿನ್ನು ನೋಡಿಕೊಳ್ಳುವ ಗಿರಿಯಪ್ಪ ಹಾಕಿದ ಕಟ್ಟಳೆ ಅದು.

ಡ್ರಮ್ಮು ಪೂರಾ ಕೆಳಗಿಳಿದಿತ್ತು.

"ಹಗಲೀ ಯಾರೋ ಒಲಿ ಹಚ್ಯಾರ," ಎಂದ ಗಿರಿಯಪ್ಪ. "ಯಾರಂತ ಗೊತ್ತಾಗಲಿ, ಅವರ ಮನಿ ವೈರು ಕಿತ್ತು ಒಗೀತೇನಿ."

ಅವನ ಹಿಂದೆ ಅವನ ಹೆಂಡತಿ ಚೌಡವ್ವ ನಿಂತಿದ್ದಳು. ಮಧ್ಯಾಹ್ನ ಮಗಳನ್ನು ನೋಡಲು ಬೀಗರು ಬಂದಾಗ ಉಟ್ಟ ಇಳಕಲ್ ಸೀರೆ ಇನ್ನೂ ಮೈಮೇಲಿತ್ತು. ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಿಕೊಟ್ಟವಳು ಮೆಹಬೂಬಿಯೇ. ಒಲೆಯಲ್ಲಿ ಗ್ಯಾಸಿನ ನೀಲಿ ಉರಿಯನ್ನು ಅವಳು ಕಂಡಿದ್ದಳು.

"ಅದು ಆಮ್ಯಾಲ ಆಗ್ಲಿ ಅಣ್ಣಾರ," ಎಂದಳು ಮೆಹಬೂಬಿ. "ಮರಿ ಥಂಡಿಗೆ ಒಂದರ ಮ್ಯಾಲೊಂದು ಬೀಳಾಕತ್ತಾವ. ಕರೆಂಟು ಬರೂದರಾಗ ಸಾಯ್ತಾವ."

"ನಾನ ಹಚ್ಚೇನಿ," ಎಂದಳು ಚೌಡವ್ವ. "ಮೂರು ಮಂದಿ ಬರ್ತಾರ ಅಂದಿದ್ರಿ, ಹನ್ನೊಂದು ಮಂದಿ ಬಂದ್ರು. ಕಟ್ಟಿಗಿ ಹಸೀ ಇದ್ದುವು. ಚಾ ಕುಡಿಸದ ಕಳಸ್ಲೇನು?"

ಗಿರಿಯಪ್ಪ ಡ್ರಮ್ಮನ್ನೇ ನೋಡುತ್ತಿದ್ದ. "ನಾ ಎರಡು ಕಪ್ಪು ಕುಡದೆ," ಎಂದ ಕೊನೆಗೆ. "ಚಾ ಇಷ್ಟು ಲಗೂನ ಆತಲ್ಲ ಅಂತ ಹೊಗಳಿದೆ ಬ್ಯಾರೆ."

"ನಾನೂ ಕುಡದೇನ್ರಿ. ಈಗ ಬರ್ರಿ," ಎಂದಳು ಮೆಹಬೂಬಿ.

ಮೂವರೂ ಮೆಹಬೂಬಿಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತರು. ಮರಿಗಳನ್ನು ಹಂಚಿಕೊಂಡು ಮಡಿಲಲ್ಲಿಟ್ಟುಕೊಂಡು, ಹೆಂಗಸರು ಸೆರಗಿನಿಂದ, ಗಿರಿಯಪ್ಪ ಕಂಬಳಿಯಿಂದ ಬೆಚ್ಚಗೆ ಮುಚ್ಚಿದರು. ಚೀರಾಟ ಒಂದೊಂದಾಗಿ ಅಡಗಿತು; ಬೆಚ್ಚಗಾಗಿಯೋ, ಸತ್ತೋ ಎಂದು ಮೆಹಬೂಬಿ ಆಗಾಗ ಸೆರಗಿನೊಳಗೆ ಕೈಯಾಡಿಸಿ ನೋಡುತ್ತಿದ್ದಳು.

ಒಂಬತ್ತಕ್ಕೆ ಕರೆಂಟು ಬಂತು. ಬುಟ್ಟಿಯೊಳಗೆ ಬಲ್ಬು ಹತ್ತಿದವು.

"ಬುಟ್ಟ್ಯಾಗ ಬಿಡ್ರಿ ಇನ್ನ," ಎಂದಳು ಮೆಹಬೂಬಿ. ಗಿರಿಯಪ್ಪ ಕಂಬಳಿಯೊಳಗಿಂದ ಒಂದು ಕೈಯನ್ನಷ್ಟೇ ಹೊರತೆಗೆದು, ಸದ್ದು ಮಾಡಬೇಡವೆಂದು ಸನ್ನೆ ಮಾಡಿದ. ಅವನ ಪಾಲಿನ ಮರಿಗಳು ನಿದ್ದೆ ಹೋಗಿದ್ದವು.

ಚೌಡವ್ವ ತನ್ನ ಮರಿಗಳನ್ನು ಒಂದೊಂದಾಗಿ ಬಲ್ಬಿನ ಕೆಳಗೆ ಬಿಟ್ಟಳು. ಎರಡು ಅಲುಗಲಿಲ್ಲ. ಅವನ್ನು ಮಾತ್ರ ಅವಳು ಕೆಳಗಿಡದೆ, ಇಳಕಲ್ ಸೀರೆಯ ಸೆರಗು ಹೊದಿಸಿಕೊಂಡು ಹಾಗೇ ಕುಳಿತಿದ್ದಳು.