ಕೊನೆಗೆ ಠುಸ್

"ಏನೂ ಇಲ್ಲಮ್ಮ. ಕುತ್ತಿಗೆಯಲ್ಲಿರೋದು ಬರೀ ಕೊಬ್ಬಿನ ಗಂಟು. ಕ್ಯಾನ್ಸರ್ ಅಲ್ಲ," ಎಂದ ಡಾಕ್ಟರು ಮುಂದಿನವರನ್ನು ಕರೆಯಲು ಬೆಲ್ಲಿನ ಮೇಲೆ ಬೆರಳಿಟ್ಟರು. ಕೈಗೆತ್ತಿಕೊಂಡ ಬಟ್ಟೆಗಳನ್ನೆಲ್ಲ ಹೊಲಿದು ಗಿರಾಕಿಗಳಿಗೆ ಮುಟ್ಟಿಸಿ, ಯಾವ ಬೀರುವಿನಲ್ಲಿ ಏನಿದೆ ಎಂದು ಮಗಳಿಗೆ ತೋರಿಸಿಕೊಟ್ಟು ಬಂದಿದ್ದ ಟೈಲರಮ್ಮನಿಗೆ ಖುಷಿಗಿಂತ ಮೊದಲು ಪೆಚ್ಚೆನಿಸಿತು. ಇಷ್ಟೇನಾ?

ಅವಳು ಗಂಡನತ್ತ ತಿರುಗಿದಳು. ಅವನು ಥಿಯೇಟರಿನಲ್ಲಿ ಸಿನಿಮಾ ಓಡಿಸುವ ಆಪರೇಟರು. ಆಟ ಮುಗಿದು ಅವಳು ಕಣ್ಣೊರೆಸಿಕೊಳ್ಳುತ್ತ ಹೊರಬರುವ ಹೊತ್ತಿಗೆ ಸರಿಯಾಗಿ ಮೆಟ್ಟಿಲಿಳಿದು ಬಂದು, "ಅಷ್ಟೆಲ್ಲಾ ಹವಾ ಎಬ್ಬಿಸಿ ಕೊನೆಗೆ ಠುಸ್," ಎಂದು ತೀರ್ಪು ಕೊಡುತ್ತಿದ್ದ. ಸಿನಿಮಾ ಒಂದೇ ಅಲ್ಲ, ಅವನ ಪಾಲಿಗೆ ಚುನಾವಣೆಯೂ ಠುಸ್, ನಾದಿನಿಯ ಮದುವೆಯೂ ಠುಸ್. ಆ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಈಗ ನೋಡಿದರೆ ಅವನು ತನ್ನ ತೊಡೆಯ ಮೇಲಿದ್ದ ಅವಳ ಕೈಚೀಲದ ಹಿಡಿಯನ್ನು, ಇನ್ನೇನು ಕಿತ್ತೇ ಬರುತ್ತದೆ ಎನ್ನುವಂತೆ, ಎರಡೂ ಕೈಯಿಂದ ಹಿಂಡುತ್ತಿದ್ದಾನೆ.

"ಯಾಕ್ರೀ ಸುಮ್ನಾದ್ರಿ?" ಎಂದಳು ಮೆಲ್ಲಗೆ. "ಇಷ್ಟು ದಿನ ಅಷ್ಟೊಂದು ಹೆದರಿಕೊಂಡ್ವಲ್ಲ, ಹೇಳಿ, ಕೊನೆಗೆ ಏನಾಯ್ತು?"

"ಠುಸ್ ಕಣೇ," ಎಂದ ಅವನು. ಅಷ್ಟು ಹೇಳುವಷ್ಟರಲ್ಲಿ ಕಣ್ಣೀರು ಮೀಸೆಯವರೆಗೂ ಇಳಿದಿತ್ತು. ಕರವಸ್ತ್ರ ತೆಗೆದುಕೊಡೋಣವೆಂದು ಅವಳು ಚೀಲಕ್ಕೆ ಕೈಹಾಕಿದರೆ, ಅವನು ಚೀಲವನ್ನೇ ಬಿಡಲೊಲ್ಲ.