ಒಂದೂವರೆ ಮೀಟರ್

ಖಾಲಿ ಮೈದಾನದಲ್ಲಿ ಚೆಂಡು ಅವುಚಿಕೊಂಡು ಓಡುತ್ತಿದ್ದ ಡೆಲ್ಫ್ಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ರನ್ನಿಂಗ್ ಬ್ಯಾಕ್ ಓಟಗಾರ, ಎದುರಿಗೆ ಯಾರೂ ಇಲ್ಲದಿದ್ದರೂ, ಇಪ್ಪತ್ತು ಗಜದ ಗೆರೆಯಲ್ಲಿ ಥಟ್ಟನೆ ಎಡಕ್ಕೆ ಸರಿದ. ಶ್ರೀಕರ ವಿಡಿಯೊ ನಿಲ್ಲಿಸಿದ. ಪರದೆಯ ಇನ್ನರ್ಧದಲ್ಲಿ ಎದುರಾಳಿ ಕಾಲೇಜಿನ ಓಟಗಾರ, ಬೇರೆ ಊರಿನ ಖಾಲಿ ಮೈದಾನದಲ್ಲಿ, ಅದೇ ಗೆರೆಯಲ್ಲಿ ಹಾಗೇ ಸರಿದಿದ್ದ.

ಕೊರೊನಾ ದೆಸೆಯಿಂದ ಇಬ್ಬರೂ ಒಬ್ಬೊಬ್ಬರೇ ಅಭ್ಯಾಸ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ ವಿಡಿಯೊಗಳವು. ಸೀಸನ್ನಿಗೆ ಮುಂಚೆ ಇಬ್ಬರಲ್ಲಿ ಯಾರು ಚುರುಕು ಎಂದು ಶ್ರೀಕರ ಮನೆಯಿಂದಲೇ ಡೆಲ್ಫ್ಟ್ ತಂಡಕ್ಕೆ ಲೆಕ್ಕ ಕೊಡಬೇಕಿತ್ತು. ಅಳೆದು ನೋಡಿದ. ಇಬ್ಬರೂ ಸರಿದದ್ದು ಸರಿಯಾಗಿ ಒಂದೂವರೆ ಮೀಟರ್. ಈಗ ಅಂಗಡಿಯಲ್ಲಿ, ಬೀದಿಯಲ್ಲಿ ಎಲ್ಲರೂ ಎದುರಿನವರಿಂದ ದೂರ ಸರಿಯುವಷ್ಟೇ.

"ಇಂಚರಾ, ಸ್ವಲ್ಪ ಬಾ ಇಲ್ಲಿ. ಇವ್ರಿಬ್ರೂ ಯಾರಿಗೆ ದಾರಿ ಬಿಡ್ತಿದಾರೆ ನೋಡು," ಎಂದು ಹೆಂಡತಿಯನ್ನು ಕರೆದ.

ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಬಂದ ಇಂಚರಾ ನೇರವಾಗಿ ಅವನ ಬಳಿ ಬರಲಿಲ್ಲ. ಅವನ ಕುರ್ಚಿಯ ಎಡಗಡೆಯ ಖಾಲಿ ಜಾಗವನ್ನು ದೂರದಿಂದಲೇ ಬಳಸಿ, ಗೋಡೆಗೆ ಒತ್ತಿಕೊಂಡು ಬಂದು, ಬಲಗಡೆಯಿಂದ ಲೋಟ ಇಟ್ಟಳು.

"ಯಾಕೆ ಹಾಗೆ ಸುತ್ತಿ ಬಂದೆ?"

ಅವಳು ಬಗ್ಗಿ, ದನಿ ತಗ್ಗಿಸಿ ಅಂದಳು: "ಮನೆಗೆ ಜನ ಬಂದಿದಾರೆ ಅಂತ ಮೊದ್ಲೇ ಹೇಳ್ಬಾರ್ದಾ? ಇನ್ನೊಂದು ಲೋಟ ಕಾಫಿ ತರ್ತಿದ್ದೆ."